ಹತ್ತು ರೂಪಾಯಿ ಬೋಲ್ಟು, ಹತ್ತು ಟನ್ ಕಬ್ಬು

ಮಂಡ್ಯದಲ್ಲಿ ಒಂದು ಭಾನುವಾರ ಗ್ಯಾರೇಜಿನವರು, ಟ್ರ್ಯಾಕ್ಟರ್ ಮತ್ತು ಟೆಂಪೊ ಓಡಿಸುವವರು, ಒಂದಷ್ಟು ಐಟಿಐ ಹುಡುಗರು ಸೇರಿದ್ದ ಕಡೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಬೋರ್ಡಿನ ಮೇಲೆ ಹಾಕಿದ ಲೆಕ್ಕವನ್ನು ಮಾತಿನಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಬಿಸ್ಕತ್ ಡಬ್ಬ ನೋಡಿ ಯಾರೂ ಆಸೆ ಪಡಬೇಡಿ. ಒಳಗಿರುವುದು ಕಟ್ಟಾದ ಬೋಲ್ಟುಗಳು. ಗ್ಯಾರೇಜ್ ನಡೆಸುತ್ತಿದ್ದಾಗ ಬಿಸಾಡದೆ ಇಟ್ಟುಕೊಂಡವು. ನಮ್ಮ ಮನೆಯವರು ಎರಡು ಸಲ ಗುಜರಿಗೆ ಹಾಕಿದ್ದರು. ಎರಡು ಸಲವೂ ಹಿಂದೆಯೇ ಓಡಿಹೋಗಿ ತಂದೆ. ಒಂದೊಂದೇ ತೆಗೆದು ಕೈಯಿಂದ ಕೈಗೆ ದಾಟಿಸಿ, ಆದರೆ ದಯವಿಟ್ಟು ವಾಪಸ್ ಕೊಡಿ.

ಬೋಲ್ಟ್ ಕಟ್ಟಾದರೆ ನಾವು ಮೊದಲು ಏನು ಮಾಡುತ್ತೇವೆ? ತುಂಡನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ ‘ಇಂಥದ್ದೇ ಒಂದು ಕೊಡಿ’ ಅನ್ನುತ್ತೇವೆ. ಅಂಗಡಿಯವರು ಉದ್ದ ನೋಡುತ್ತಾರೆ, ದಪ್ಪ ನೋಡುತ್ತಾರೆ, ನಟ್ಟು ತಿರುಗಿಸಿ ನೋಡುತ್ತಾರೆ. ಮೂರೂ ಸರಿಯಾದರೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಅದು ಯಾಕೆ ಕಟ್ಟಾಯಿತು ಅಂತ ಅವರೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ನಾನೂ ಎಷ್ಟೋ ವರ್ಷ ಕೇಳಲಿಲ್ಲ.

ಈ ತುಂಡು ನೋಡಿ. ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಮುರಿದ ಮುಖದ ಮುಕ್ಕಾಲು ಭಾಗ ನುಣ್ಣಗಿದೆ. ಅದರ ಮೇಲೆ ಬಿಲ್ಲಿನ ಹಾಗೆ ಬಾಗಿದ ಸಣ್ಣ ಸಣ್ಣ ಗೆರೆಗಳಿವೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ನಿಲ್ಲಿಸಿದ ಮೇಲೆ ದಿನಕ್ಕಿಷ್ಟು ಇಳಿದು ದಡದ ಮೇಲೆ ಗೆರೆ ಬಿಟ್ಟು ಹೋಗುತ್ತದಲ್ಲ, ಹಾಗೆ. ಉಳಿದ ಕಾಲು ಭಾಗ ಒರಟು. ಬೆಲ್ಲದ ಅಚ್ಚು ಮುರಿದರೆ ಕಾಣುವ ಹಾಗೆ ಹರಳು ಹರಳು. ಇದು ಒಂದೇ ಏಟಿಗೆ ಮುರಿದ ಬೋಲ್ಟ್ ಅಲ್ಲ. ಥ್ರೆಡ್ಡಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿದೆ. ಗಾಡಿ ಕುಣಿದಷ್ಟು ಸಲವೂ ಅದು ಒಳಗೆ ಒಂದಿಷ್ಟು ನಡೆದಿದೆ. ಕೊನೆಗೆ ಉಳಿದ ಕಾಲು ಭಾಗಕ್ಕೆ ಹೊರೆ ತಡೆಯಲಾಗದೆ ಪಟ್ ಅಂದಿದೆ. ಡ್ರೈವರ್ ಬಂದು ‘ಹಂಪ್ ಎಗರಿಸಿದೆ, ಕಟ್ಟಾಯ್ತು’ ಅಂದ. ಹಂಪ್ ಕೊನೆಯ ಕಾಲು ಭಾಗವನ್ನು ಮಾತ್ರ ಮುರಿದದ್ದು. ಮುಕ್ಕಾಲು ಭಾಗ ಅದಕ್ಕೆ ಮುಂಚೆ ವಾರಗಟ್ಟಲೆ ಮುರಿಯುತ್ತಲೇ ಇತ್ತು.

ಎರಡನೆಯದು ಬೇರೆ ಜಾತಿ. ಇದಕ್ಕೆ ಸೊಂಟ ಸಣ್ಣಗಾಗಿದೆ, ಥ್ರೆಡ್ಡುಗಳ ನಡುವೆ ಅಂತರ ಜಾಸ್ತಿಯಾಗಿದೆ. ಎಳೆದು ಎಳೆದು ಹಿಗ್ಗಿ ಹೋದದ್ದು. ಮೆತ್ತನೆಯ ಬೋಲ್ಟಿಗೆ ಗಟ್ಟಿ ಬೋಲ್ಟಿನ ಬಿಗಿ ಕೊಟ್ಟರೆ ಹೀಗಾಗುತ್ತದೆ. ಮೂರನೆಯದು ತಲೆಯ ಕೆಳಗೇ ಮುರಿದಿದೆ. ಗೆರೆ ಇಲ್ಲ, ಹಿಗ್ಗಿಲ್ಲ, ಮೇಲೆ ಫಳಫಳ ಹೊಳಪು. ಅದರ ಕಥೆ ಆಮೇಲೆ.

ಮೊದಲು ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ. ಬೆಲ್ಲ ಸಾಗಿಸುವ ಒಂದು ಟೆಂಪೊ ನನ್ನ ಗ್ಯಾರೇಜಿಗೆ ಬರುತ್ತಿತ್ತು. ಯಜಮಾನರು ವಯಸ್ಸಾದವರು, ಮಾತು ಕಡಿಮೆ. ಒಂದು ದಿನ ಹಿಂದಿನ ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ಕಟ್ಟಾಗಿ ಬಂತು. ಆಕ್ಸಲ್ ಒಂದು ಕಡೆ ಎರಡು ಬೆರಳು ಹಿಂದಕ್ಕೆ ಸರಿದಿತ್ತು. ಗಾಡಿ ಏಡಿ ನಡೆದ ಹಾಗೆ ಓರೆಯಾಗಿ ಓಡುತ್ತಿತ್ತು. ಹೊಸ ಬೋಲ್ಟ್ ಹಾಕಿ, ಪಟ್ಟಿಯನ್ನು ಆಕ್ಸಲ್‌ಗೆ ಕಟ್ಟಿ ಹಿಡಿಯುವ, ಯು ಆಕಾರಕ್ಕೆ ಬಗ್ಗಿಸಿದ ಹಳೇ ಯು ಬೋಲ್ಟುಗಳನ್ನೇ ಬಿಗಿ ಮಾಡಿ ಕಳಿಸಿದೆ. ತಿಂಗಳಿಗೆ ಮತ್ತೆ ಬಂತು. ಅದೇ ಬೋಲ್ಟ್, ಅದೇ ಜಾಗ. ನನಗೆ ರೇಗಿತು. ಮೈಸೂರಿಗೆ ಬಸ್ ಹತ್ತಿ, ಸಿಕ್ಕಿದ್ದರಲ್ಲೇ ಗಟ್ಟಿಯಾದದ್ದು ಅಂತ 12.9 ಅಲೆನ್ ಬೋಲ್ಟ್ ತಂದು ಹಾಕಿದೆ. ‘ಯಜಮಾನ್ರೇ, ಇದು ಕಟ್ಟಾದ್ರೆ ನಾನು ಹೆಸರು ಬದಲಾಯಿಸ್ಕೊತೀನಿ’ ಅಂದೆ. ಇಪ್ಪತ್ತು ದಿನ ಆಗಿರಲಿಲ್ಲ. ಟೆಂಪೊ ಮತ್ತೆ ಓರೆಯಾಗಿ ಬಂದು ಬಾಗಿಲಲ್ಲಿ ನಿಂತಿತು. ಯಜಮಾನರು ಇಳಿದು, ಬೈಯಲಿಲ್ಲ, ಕೂಗಾಡಲಿಲ್ಲ. ‘ಏನು ಹೆಸ್ರು ಇಟ್ಕೊಂಡೆ ಕಣಪ್ಪ?’ ಅಂದರು.

ಅವತ್ತು ಮೊದಲ ಸಲ ಸುಮ್ನೆ ಕೂತು ನೋಡಿದೆ. ಪಟ್ಟಿಗೂ ಆಕ್ಸಲ್‌ಗೂ ನಡುವೆ ಕೆಂಪು ಪುಡಿ. ಒಣಗಿದ ಕುಂಕುಮದ ಹಾಗೆ ಸಣ್ಣ ತುಕ್ಕಿನ ಪುಡಿ. ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿದಾಗ ಮಾತ್ರ ಬರುವ ಪುಡಿ ಅದು. ಯು ಬೋಲ್ಟಿನ ನಟ್ಟಿಗೆ ಪಾನಾ ಹಾಕಿದರೆ ಕೈಯಲ್ಲಿ ತಿರುಗಿಸಿದ ಹಾಗೆ ತಿರುಗಿತು. ಹಿಂದೆ ಒಂದು ಸಲ ಹಿಗ್ಗಿದ್ದ ಯು ಬೋಲ್ಟುಗಳು. ಥ್ರೆಡ್ಡಿನಲ್ಲಿ ತುಕ್ಕು. ನಾನು ಬಿಗಿ ಮಾಡಿದಾಗ ನನ್ನ ಬಲವೆಲ್ಲ ತುಕ್ಕನ್ನು ಉಜ್ಜುವುದಕ್ಕೆ ಖರ್ಚಾಗಿತ್ತು, ಆಕ್ಸಲ್ಲನ್ನು ಒತ್ತುವುದಕ್ಕೆ ಅಲ್ಲ.

ಸೆಂಟರ್ ಬೋಲ್ಟಿನ ಕೆಲಸ ಪಟ್ಟಿಗಳನ್ನು ಒಟ್ಟಿಗೆ ಇಟ್ಟು, ಆಕ್ಸಲ್ ಎಲ್ಲಿ ಕೂರಬೇಕು ಅಂತ ಜಾಗ ತೋರಿಸುವುದು. ಅದು ಗುರುತು, ಅಷ್ಟೇ. ಆಕ್ಸಲ್ಲನ್ನು ಹಿಡಿದಿಡುವ ಕೆಲಸ ನಾಲ್ಕು ಯು ಬೋಲ್ಟುಗಳದ್ದು. ಅವು ಸಡಿಲವಾದರೆ ಬ್ರೇಕ್ ಹೊಡೆದಾಗಲೂ, ಗೇರ್ ಹಾಕಿ ಎಳೆದಾಗಲೂ ಆಕ್ಸಲ್ ಹಿಂದೆ ಮುಂದೆ ಜಗ್ಗುತ್ತದೆ. ಆ ಜಗ್ಗಾಟವೆಲ್ಲ ಬಡಪಾಯಿ ಸೆಂಟರ್ ಬೋಲ್ಟಿನ ಕುತ್ತಿಗೆಗೆ ಬರುತ್ತದೆ. ಅದು ಎಂಥ ಉಕ್ಕಾದರೂ ಎಷ್ಟು ದಿನ ತಡೆದೀತು? ಹೊಸ ಯು ಬೋಲ್ಟ್, ಹೊಸ ನಟ್ಟು, ಒಂದು ಸಾಮಾನ್ಯ 8.8 ಸೆಂಟರ್ ಬೋಲ್ಟ್ ಹಾಕಿ ಸರಿಯಾಗಿ ಬಿಗಿ ಮಾಡಿದೆ. ಆಮೇಲೆ ಆ ಟೆಂಪೊ ಆ ಕೆಲಸಕ್ಕೆ ಬರಲೇ ಇಲ್ಲ.

ನೀವು ಕಬ್ಬು ಏರಿಸಿ ಹಗ್ಗ ಕಟ್ಟುವುದನ್ನು ನೆನಪು ಮಾಡಿಕೊಳ್ಳಿ. ಹಗ್ಗ ತೋಳಿನಷ್ಟು ದಪ್ಪ ಇರಬಹುದು. ಸಡಿಲ ಇದ್ದರೆ ಹೊರೆ ಜಾರುತ್ತದೆ. ಬಿಗಿದು ಕಟ್ಟಿದ ಹಗ್ಗ ಕಬ್ಬನ್ನು ಕಬ್ಬಿಗೆ ಒತ್ತುತ್ತದೆ. ಜಾರದ ಹಾಗೆ ತಡೆಯುವುದು ಆ ಒತ್ತಡ, ಹಗ್ಗದ ದಪ್ಪ ಅಲ್ಲ. ಬೋಲ್ಟ್ ಕೂಡ ಅಷ್ಟೇ. ನಾವು ಅದನ್ನು ಗೂಟ ಅಂದುಕೊಂಡಿದ್ದೇವೆ, ಅಡ್ಡ ನಿಂತು ತಡೆಯುತ್ತದೆ ಅಂತ. ಬಿಗಿ ಮಾಡಿದಾಗ ಬೋಲ್ಟ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಪ್ರಿಂಗಿನ ಹಾಗೆ ವಾಪಸ್ ಕುಗ್ಗಲು ನೋಡುತ್ತದೆ. ಹಾಗೆ ಕುಗ್ಗಲು ನೋಡುವ ಬಲವೇ ಎರಡು ತುಂಡುಗಳನ್ನು ಒತ್ತಿ ಹಿಡಿಯುವುದು. ಒತ್ತಡ ಸಾಕಷ್ಟಿದ್ದರೆ ತುಂಡುಗಳು ಅಲುಗುವುದಿಲ್ಲ. ಅಲುಗದಿದ್ದರೆ ಬೋಲ್ಟಿನ ಮೇಲೆ ಬೀಳುವ ಏರಿಳಿತ ತುಂಬ ಕಡಿಮೆ, ಬಿರುಕು ಹುಟ್ಟಲು ಕಾರಣವೇ ಇಲ್ಲ.

ಈಗ ತಲೆಯ ಮೇಲಿನ ಅಂಕಿಗೆ ಬರೋಣ. 4.6, 8.8, 10.9, 12.9 ಅಂತ ಇರುತ್ತದಲ್ಲ, ಅದು ಮಾಡೆಲ್ ನಂಬರ್ ಅಲ್ಲ, ಲೆಕ್ಕ. ಚುಕ್ಕಿಗೆ ಮುಂಚಿನ ಅಂಕಿಯನ್ನು ಹತ್ತರಿಂದ ಗುಣಿಸಿ. 8 ಅಂದರೆ ಒಂದು ಚದರ ಮಿಲಿಮೀಟರ್ ಉಕ್ಕು ಸುಮಾರು 80 ಕೆಜಿ ಎಳೆತಕ್ಕೆ ಮುರಿಯುತ್ತದೆ. ಚುಕ್ಕಿ ಆದ ಮೇಲಿನ 8 ಅಂದರೆ ಆ 80ರಲ್ಲಿ ಹತ್ತಕ್ಕೆ ಎಂಟು ಪಾಲು, ಅಂದರೆ 64 ಕೆಜಿ ದಾಟಿದರೆ ಅದು ಹಿಗ್ಗಿದ್ದು ಹಿಗ್ಗಿದ್ದೇ, ವಾಪಸ್ ಬರುವುದಿಲ್ಲ. 4.6ಕ್ಕೆ ಮುರಿಯುವುದು 40ಕ್ಕೆ, ಹಿಗ್ಗುವುದು 24ಕ್ಕೆ. 10.9ಕ್ಕೆ 100 ಮತ್ತು 90. ನಮ್ಮ ದೇಶದ ಐಎಸ್ 1367 ಮಾನಕದಲ್ಲೂ ಇದೇ ಅಂಕಿಗಳು, ಹೊರದೇಶದ ಐಎಸ್‌ಒ 898ರಲ್ಲೂ ಇವೇ.

ನಮಗೆ ದಿನಾ ಸಿಗುವ 12 ಎಂಎಂ ಬೋಲ್ಟ್ ತೆಗೆದುಕೊಳ್ಳಿ, 19 ನಂಬರ್ ಪಾನಾ ಹಿಡಿಯುವಂಥದ್ದು. ಥ್ರೆಡ್ ಇರುವ ಕಡೆ ಅದರಲ್ಲಿ ಹೊರೆ ಹೊರುವ ಉಕ್ಕು ಸುಮಾರು 84 ಚದರ ಮಿಲಿಮೀಟರ್. ಶಾಶ್ವತವಾಗಿ ಹಿಗ್ಗದೆ ತಡೆಯುವ ಎಳೆತ 4.6ಕ್ಕೆ ಹೆಚ್ಚು ಕಡಿಮೆ 1.9 ಟನ್. 8.8ಕ್ಕೆ 5 ಟನ್. 10.9ಕ್ಕೆ 7 ಟನ್. ಮೂರೂ ಒಂದೇ ದಪ್ಪ, ಒಂದೇ ಪಾನಾ, ನೋಡಲು ಅಣ್ಣ ತಮ್ಮಂದಿರು. ಗ್ರಿಲ್ ಕೆಲಸಕ್ಕೆ, ಶೀಟ್ ಹೊದಿಸಲಿಕ್ಕೆ ಮಾರುವ ಸಾದಾ ಎಂಎಸ್, ಅಂದರೆ ಮೆತ್ತನೆ ಉಕ್ಕಿನ ಬೋಲ್ಟ್ ಸಾಮಾನ್ಯವಾಗಿ ಮೊದಲನೇ ಜಾತಿಯದ್ದು. ಮೀಟರ್ ಲೆಕ್ಕದಲ್ಲಿ ಸಿಗುವ ಥ್ರೆಡ್ ರಾಡ್ ಕೂಡ ಸಾಮಾನ್ಯವಾಗಿ ಅಂಥದ್ದೇ. ಕಾರಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿಗೆ ಅದನ್ನು ಕತ್ತರಿಸಿ ಎರಡೂ ಕಡೆ ನಟ್ಟು ಹಾಕಿ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರು ಮಾಡಿದ್ದು ಅಂತ ಕೇಳಬೇಡಿ.

ಆ ಮೆತ್ತನೆ ಬೋಲ್ಟನ್ನು ಹಾಕಿದವನು ಏನು ಮಾಡುತ್ತಾನೆ ನೋಡಿ. ಒಣ ಥ್ರೆಡ್ಡಿನ 12 ಎಂಎಂ 8.8 ಬೋಲ್ಟಿಗೆ ಸುಮಾರು 90 ನ್ಯೂಟನ್ ಮೀಟರ್ ಬಿಗಿ ಬೇಕು. ಒಂದಡಿ ಉದ್ದದ ಪಾನಾದ ತುದಿ ಹಿಡಿದು 30 ಕೆಜಿ ಬಲದಲ್ಲಿ ಎಳೆದ ಹಾಗೆ. ಅಷ್ಟು ಎಳೆದರೆ ಒಳಗೆ 3.8 ಟನ್ನಿನಷ್ಟು ಒತ್ತಡ ಬರುತ್ತದೆ. 4.6 ಬೋಲ್ಟ್ 3.4 ಟನ್ನಿಗೆ ಮುರಿದೇ ಹೋಗುತ್ತದೆ. ಹಾಗಾಗಿ ಅವನು ಎಳೆಯುತ್ತಾ ಹೋದರೆ ನಟ್ಟು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತದೆ. ಎರಡನೇ ತುಂಡು ನೋಡಿದಿರಲ್ಲ, ಸೊಂಟ ಸಣ್ಣಗಾದದ್ದು, ಅದು ಹೀಗೇ ಆಗಿದ್ದು. ಹೆದರಿ ಅರ್ಧಕ್ಕೇ ನಿಲ್ಲಿಸಿದರೆ ಒತ್ತಡ ಸಾಲದು, ಅಲುಗಾಟ ಶುರು. ಎರಡು ದಾರಿಯೂ ಕೆಟ್ಟದ್ದೇ.

ಈಗ ಎಲ್ಲರೂ ಮಾಡುವ ಇನ್ನೊಂದು ಕೆಲಸ. 8.8 ತೆಗೆದು 10.9 ಹಾಕಿ ‘ಇನ್ನು ಗಟ್ಟಿ’ ಅನ್ನುತ್ತೇವೆ. ಅದೇ ಪಾನಾ, ಅದೇ ಕೈ, ಅದೇ 30 ಕೆಜಿ ಎಳೆತ. ಒಳಗೆ ಬರುವ ಒತ್ತಡ ಎಷ್ಟು? ಅದೇ 3.8 ಟನ್! ಉಕ್ಕು ಗಟ್ಟಿಯಾಯಿತು, ಹಿಡಿತ ಒಂದು ಕೆಜಿಯೂ ಹೆಚ್ಚಾಗಲಿಲ್ಲ. 10.9ರ ಪೂರ್ತಿ ಉಪಯೋಗ ಬೇಕಾದರೆ 125 ನ್ಯೂಟನ್ ಮೀಟರ್ ಹತ್ತಿರ ಬಿಗಿ ಮಾಡಬೇಕು. ಆಗ ನಟ್ಟು, ವಾಷರ್, ರಬ್ಬರ್ ಬುಷ್ ಒಳಗಿನ ಕೊಳವೆ, ಅದನ್ನು ಆಕಡೆ ಈಕಡೆ ಹಿಡಿದ ಬ್ರಾಕೆಟ್ಟಿನ ಕಿವಿ ಎಲ್ಲವೂ ಅಷ್ಟು ಒತ್ತಡ ತಡೆಯಬೇಕು. ತೆಳು ಕಿವಿ ಇದ್ದರೆ ಒಳಗೆ ಕುಸಿಯುತ್ತದೆ, ಕುಸಿದ ಮೇಲೆ ಮತ್ತೆ ಸಡಿಲ. ಆದ್ದರಿಂದ ಕಂಪನಿಯವರು ಏನು ಹಾಕಿದ್ದರೋ ಅದಕ್ಕಿಂತ ಕೆಳಗಿನ ದರ್ಜೆ ಖಂಡಿತ ಬೇಡ. ಮೇಲಿನದ್ದು ಹಾಕಿದರೆ ಸುಮ್ನೆ ನಿಮ್ಮ ಸಮಾಧಾನಕ್ಕೆ. ಅದೇ ದರ್ಜೆಯದ್ದನ್ನು ಸರಿಯಾಗಿ ಬಿಗಿಯುವುದೇ ಮೇಲು.

ದರ್ಜೆ ಸರಿ ಇದ್ದರೂ ಬೋಲ್ಟ್ ತಪ್ಪಾಗಬಹುದು. ಇದನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್. ತಲೆ ಮೇಲೆ 8.8 ಇದೆ, ಕಂಪನಿ ಗುರುತೂ ಇದೆ. ಆದರೆ ತಲೆಯಿಂದಲೇ ಪೂರಾ ಥ್ರೆಡ್. ಮಧ್ಯದಲ್ಲಿ ಎರಡು ಕಡೆ ಥ್ರೆಡ್ಡು ಸವೆದು ಚಪ್ಪಟೆಯಾಗಿದೆ, ಉಗುರಿನಲ್ಲಿ ಸವರಿದರೆ ತಿಳಿಯುತ್ತದೆ. ಅದು ಬ್ರಾಕೆಟ್ಟಿನ ಕಿವಿ ಕೂತಿದ್ದ ಜಾಗ. ಅಲ್ಲಿ ಇರಬೇಕಾದದ್ದು ನುಣುಪಾದ ಮೈ, ಥ್ರೆಡ್ ಅಲ್ಲ. ಥ್ರೆಡ್ ಇದ್ದರೆ ಉಕ್ಕಿನ ಅಳತೆಯೂ ಕಡಿಮೆ, ತೂತಿನಲ್ಲಿ ಆಟವೂ ಜಾಸ್ತಿ, ಪ್ರತಿ ಥ್ರೆಡ್ಡಿನ ಬುಡವೂ ಬಿರುಕಿಗೆ ಕರೆದು ಮಣೆ ಹಾಕಿದ ಹಾಗೆ. ಅಂಗಡಿಯಲ್ಲಿ ಉದ್ದ ಒಂದೇ ಅಳೆಯಬೇಡಿ, ನುಣುಪಾದ ಮೈ ಎಷ್ಟುದ್ದ ಇದೆ ಅಂತಲೂ ಅಳೆಯಿರಿ. ಹಾಗಂತ ಮೈ ತೀರಾ ಉದ್ದವಾದರೂ ಕಷ್ಟ. ನಟ್ಟು ಥ್ರೆಡ್ಡಿನ ಕೊನೆಗೆ ಹೋಗಿ ತಗಲಿ ನಿಲ್ಲುತ್ತದೆ. ಬಿಗಿಯಾದ ಹಾಗೆ ಅನ್ನಿಸುತ್ತದೆ, ಒಳಗೆ ಒತ್ತಡವೇ ಇರುವುದಿಲ್ಲ. ಬಿಗಿ ಆದ ಮೇಲೆ ನಟ್ಟಿನಿಂದಾಚೆ ಎರಡು ಮೂರು ಥ್ರೆಡ್ ಕಾಣಬೇಕು, ಅಷ್ಟಿದ್ದರೆ ಸರಿ.

ಥ್ರೆಡ್ಡಿನ ಅಳತೆಯಲ್ಲೂ ಮೋಸ ಹೋಗುತ್ತೇವೆ. 12 ಎಂಎಂ ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುವುದು 1.75 ಥ್ರೆಡ್ಡಿನದ್ದು, ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.75 ಎಂಎಂ ಅಂತರ. ಜಪಾನ್ ಮೂಲದ ಕಾರುಗಳಲ್ಲಿ 12 ಎಂಎಂಗೆ 1.25, 10 ಎಂಎಂಗೂ 1.25 ಸಾಮಾನ್ಯ. ಒಂದೆರಡು ಸುತ್ತು ಹತ್ತುತ್ತದೆ, ಆಮೇಲೆ ಪಾನಾ ಹಾಕಿ ಬಲವಂತ ಮಾಡಿದರೆ ಒಳಗಿನ ಥ್ರೆಡ್ ಹಾಳು. ಕೈಬೆರಳಲ್ಲಿ ಆರೇಳು ಸುತ್ತು ಸಲೀಸಾಗಿ ಹೋಗದಿದ್ದರೆ ನಿಲ್ಲಿಸಿ. ಹಳೇ ಜೀಪು, ಅಂಬಾಸಿಡರ್ ಇಟ್ಟುಕೊಂಡವರಿಗೆ ಇಂಚಿನ ಥ್ರೆಡ್ಡು. ಅದರಲ್ಲಿ ಅಂಕಿ ಇರುವುದಿಲ್ಲ, ತಲೆಯ ಮೇಲೆ ಗೆರೆ ಇರುತ್ತದೆ. ಮೂರು ಗೆರೆ ಅಂದರೆ ಹೆಚ್ಚು ಕಡಿಮೆ ನಮ್ಮ 8.8, ಆರು ಗೆರೆ ಅಂದರೆ 10.9ಕ್ಕೆ ಸಮ. ಗೆರೆಯೇ ಇಲ್ಲದ್ದು ಮೆತ್ತನೆಯದ್ದು. ಮೈಸೂರಿನ ಯಾದವಗಿರಿಯಲ್ಲಿ ಜಾವಾ ಮಾಡುತ್ತಿದ್ದರಲ್ಲ, 1961ರಿಂದ 1996ರವರೆಗೆ, ಅದು ಚೆಕ್ ದೇಶದ ಡಿಸೈನು, ಹಾಗಾಗಿ ಎಂಎಂ ಥ್ರೆಡ್ಡು. ಒಂದೇ ಗ್ಯಾರೇಜಿನಲ್ಲಿ ಜಾವಾ ಮತ್ತು ಹಳೇ ಜೀಪು ಎರಡೂ ನಿಂತಿದ್ದ ಕಾಲದಲ್ಲಿ ನಟ್ಟಿನ ಡಬ್ಬ ಬೆರೆತು ನಾವು ಪಟ್ಟ ಪಾಡು ಬೇಡ.

ನಟ್ಟು ಅಂದೆನಲ್ಲ. 10.9 ಬೋಲ್ಟಿಗೆ ಮೇಜಿನ ಮೇಲೆ ಬಿದ್ದಿದ್ದ ಯಾವುದೋ ನಟ್ಟು ಹಾಕಿದರೆ ಅದರ ಥ್ರೆಡ್ ಕಿತ್ತು ಬರುತ್ತದೆ. ನಟ್ಟಿನ ಮೇಲೂ ಅಂಕಿ ಇರುತ್ತದೆ, 8.8ಕ್ಕೆ 8, 10.9ಕ್ಕೆ 10. ನೈಲಾಕ್ ನಟ್ಟು ಬಿಚ್ಚಿದ ಮೇಲೆ ಹೊಸದೇ ಹಾಕಿ. ಒಳಗಿನ ನೈಲಾನ್ ಬಳೆ ಒಂದು ಸಲ ಥ್ರೆಡ್ ಕೊರೆಸಿಕೊಂಡ ಮೇಲೆ ಮೊದಲಿನ ಹಿಡಿತ ಇರುವುದಿಲ್ಲ. ಬಿಸಿ ಆಗುವ ಕಡೆ, ಸೈಲೆನ್ಸರ್ ಪಕ್ಕ, ಬ್ರೇಕ್ ಹತ್ತಿರ ಅದು ಬೇಡವೇ ಬೇಡ.

ಈಗ ಯು ಬೋಲ್ಟ್. ನಮ್ಮ ಕಡೆ ರಾಡನ್ನು ಕೆಂಪಗೆ ಕಾಯಿಸಿ, ಬಗ್ಗಿಸಿ, ತುದಿಗೆ ಲೇತಿನಲ್ಲಿ ಥ್ರೆಡ್ ಕಡಿದು ಕೊಡುತ್ತಾರೆ. ಬೇಗ ಸಿಗುತ್ತದೆ, ಅಗ್ಗ. ಆದರೆ ಗಟ್ಟಿ ಬೋಲ್ಟಿನ ಗಟ್ಟಿತನ ಬಂದಿರುವುದೇ ಅದನ್ನು ಕಾಯಿಸಿ, ಅದ್ದಿ, ಮತ್ತೆ ಹದ ಮಾಡಿದ್ದರಿಂದ. ಸುಮಾರು 400 ಡಿಗ್ರಿ ದಾಟಿ ಇನ್ನೊಮ್ಮೆ ಕಾಯಿಸಿದರೆ ಹದ ಇಳಿಯುತ್ತಾ ಹೋಗುತ್ತದೆ. ಕೆಂಪಾಗುವುದು ಅದಕ್ಕಿಂತ ಎಷ್ಟೋ ಮೇಲೆ. ಕೆಂಪಗೆ ಕಾಯಿಸಿದ 10.9 ರಾಡು ತಣ್ಣಗಾದ ಮೇಲೆ 10.9 ಆಗಿ ಉಳಿದಿರುವುದಿಲ್ಲ. ಮೇಲಿನ ಅಂಕಿ ಮಾತ್ರ ಹಾಗೇ ಇರುತ್ತದೆ. ಗ್ಯಾಸ್ ಕಟ್ಟರಿನಲ್ಲಿ ಕಾಯಿಸಿ ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕಬಾರದು ಅನ್ನುವುದೂ ಇದಕ್ಕೇ. ಥ್ರೆಡ್ಡೂ ಹಾಗೆ. ಕಂಪನಿಯವರು ಥ್ರೆಡ್ ಕಡಿಯುವುದಿಲ್ಲ, ಉರುಳೆಗಳ ನಡುವೆ ಒತ್ತಿ ಮೂಡಿಸುತ್ತಾರೆ. ಚಕ್ಕುಲಿ ಒರಳಿನಲ್ಲಿ ಹಿಟ್ಟಿನ ಮೇಲೆ ಮುಳ್ಳು ಮೂಡುವುದಿಲ್ಲವೇ, ಒಂದು ರೀತಿ ಹಾಗೆ. ಒತ್ತಿದ ಥ್ರೆಡ್ಡಿನ ಬುಡ ನುಣ್ಣಗೆ ದುಂಡಗೆ ಇರುತ್ತದೆ. ಕಡಿದದ್ದರ ಬುಡದಲ್ಲಿ ಉಳಿಯ ಗೀರು ಉಳಿಯುತ್ತದೆ. ಬಿರುಕು ಅಲ್ಲೇ ಹುಟ್ಟುವುದು.

ಕಬ್ಬಿನ ಟ್ರೈಲರಿಗೆ ಇದು ಯಾಕೆ ಮುಖ್ಯ ಅಂದರೆ, ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ಗತಿ. ಹಂಪು, ಗುಂಡಿ, ತಿರುವು, ಮತ್ತೆ ಹಂಪು. ಹತ್ತು ಟನ್ ಕಬ್ಬು ಹೊತ್ತ ಟ್ರೈಲರ್ ಗದ್ದೆ ಬದಿಯಿಂದ ಫ್ಯಾಕ್ಟರಿ ತಲುಪುವಷ್ಟರಲ್ಲಿ ಯು ಬೋಲ್ಟು ಎಷ್ಟು ಸಲ ಕುಣಿದಿರುತ್ತದೆ ಅಂತ ಎಣಿಸಿದವರಿಲ್ಲ. ಅಲುಗಾಟ ಇದ್ದರೆ ಪ್ರತಿ ಕುಣಿತವೂ ಬಿರುಕಿಗೆ ಒಂದು ಹೆಜ್ಜೆ.

ಬಿಗಿ ಮಾಡುವ ವಿಷಯದಲ್ಲಿ ಒಂದು ಮಾತು. ನೀವು ಪಾನಾದಲ್ಲಿ ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಜ್ಜಾಟಕ್ಕೇ ಹೋಗುತ್ತದೆ, ತಲೆಯ ಕೆಳಗೆ ಅರ್ಧ, ಥ್ರೆಡ್ಡಿನಲ್ಲಿ ಉಳಿದದ್ದು. ಒತ್ತಡಕ್ಕೆ ಸಿಗುವುದು ಹತ್ತರಲ್ಲಿ ಒಂದೇ ಪಾಲು. ಅದಕ್ಕೇ ತುಕ್ಕು, ಮಣ್ಣು, ಪೇಂಟ್ ಇದ್ದರೆ ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಕೂಡ ಸುಳ್ಳು ಹೇಳುತ್ತದೆ. ಉಲ್ಟಾ ಎಣ್ಣೆ ಹಚ್ಚಿದರೆ? ಒಣ ಥ್ರೆಡ್ಡಿಗೆ ಹೇಳಿದ 90 ನ್ಯೂಟನ್ ಮೀಟರನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಕೊಟ್ಟರೆ ಒತ್ತಡ 3.8ರ ಬದಲು 5 ಟನ್ ದಾಟಬಹುದು. ಅದು ಆ ಬೋಲ್ಟಿನ ಗಡಿ. ಮ್ಯಾನ್ಯುಯಲ್‌ನಲ್ಲಿ ಒಣಗಿದ್ದು ಅಂದರೆ ಒಣಗಿದ್ದು, ಎಣ್ಣೆ ಅಂದರೆ ಎಣ್ಣೆ. ಪೈಪು ಹಾಕಿ ‘ಕಟಕ್’ ಅನ್ನುವವರೆಗೆ ಎಳೆಯುವುದನ್ನು ಗ್ಯಾರೇಜಿನ ಗಂಡಸುತನ ಅಂದುಕೊಂಡವರಿದ್ದಾರೆ. ಆ ಕಟಕ್ ಬೋಲ್ಟಿನದ್ದು.

ರಬ್ಬರ್ ಬುಷ್ ಇರುವ ಕಡೆ ಇನ್ನೊಂದು ಜಾಗ್ರತೆ. ಗಾಡಿಯನ್ನು ಜಾಕ್ ಮೇಲೆ ನೇತುಹಾಕಿ ಲೋಯರ್ ಆರ್ಮ್ ಬೋಲ್ಟನ್ನು ಪೂರ್ತಿ ಬಿಗಿ ಮಾಡಬೇಡಿ. ಒಳಗಿನ ಕೊಳವೆ ಕಿವಿಗೆ ಕಚ್ಚಿಕೊಂಡ ಮೇಲೆ ಚಲಿಸುವುದು ರಬ್ಬರ್ ಮಾತ್ರ. ಆರ್ಮ್ ಕೆಳಗೆ ಜೋತಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕ್ಷಣವೇ ರಬ್ಬರ್ ತಿರುಚಿಕೊಳ್ಳುತ್ತದೆ, ಹಾಗೇ ಓಡುತ್ತದೆ, ಬೇಗ ಹರಿಯುತ್ತದೆ. ಕೈಯಲ್ಲಿ ಕೂರಿಸಿ, ಚಕ್ರ ನೆಲಕ್ಕೆ ತಂದು, ಗಾಡಿಯನ್ನು ಎರಡು ಸಲ ಅದುಮಿ, ಆಮೇಲೆ ಬಿಗಿ ಮಾಡಿ. ಹೊಸ ಬುಷ್ ಆರು ತಿಂಗಳಿಗೇ ಹೋಯಿತು ಅಂತ ಬುಷ್ ಕಂಪನಿಯನ್ನು ಬೈಯುವ ಮುಂಚೆ ಇದನ್ನು ನೆನಪಿಡಿ.

ಮಾತು ಇಲ್ಲಿಗೆ ಬಂದಾಗ ಪ್ರಶ್ನೆಗಳು ಶುರುವಾದವು. ಒಬ್ಬ ಹುಡುಗ ಎದ್ದು ‘ಸಾರ್, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿದ್ರೆ ತುಕ್ಕೇ ಹಿಡಿಯಲ್ವಲ್ಲ’ ಅಂದ. ತುಕ್ಕು ಹಿಡಿಯುವುದಿಲ್ಲ, ನಿಜ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಎ2-70. ಮುರಿಯುವುದು 70 ಕೆಜಿಗೆ, ಹಿಗ್ಗುವುದು 45ಕ್ಕೆ. 8.8 ಹಿಗ್ಗುವುದು 64ಕ್ಕೆ ಅಂದೆನಲ್ಲ. ಹೊಳಪು ಇದೆ ಅಂತ ಬಲ ಇದೆ ಅನ್ನಬೇಡಿ. ಮೇಲಾಗಿ ಸ್ಟೇನ್‌ಲೆಸ್ ನಟ್ಟು ಬೋಲ್ಟು ಬಿಗಿಯುವಾಗ ಒಂದಕ್ಕೊಂದು ಕಚ್ಚಿಕೊಂಡು ಅರ್ಧದಲ್ಲೇ ನಿಲ್ಲುತ್ತವೆ. ನಂಬರ್ ಪ್ಲೇಟಿಗೆ ಹಾಕು ಮಗ, ಸಸ್ಪೆನ್ಷನ್ನಿಗೆ ಬೇಡ.

ಗ್ಯಾರೇಜಿನ ಒಬ್ಬ ಅಣ್ಣ ‘ಮೇಷ್ಟ್ರೇ, ಮೂರನೇ ತುಂಡಿನ ಕಥೆ ಹೇಳ್ಲೇ ಇಲ್ಲ’ ಅಂತ ನೆನಪಿಸಿದರು. ಅದು 12.9 ಬೋಲ್ಟ್. ಮೂಲದಲ್ಲಿ ಕಪ್ಪಗಿತ್ತು. ತುಕ್ಕು ಬಾರದಿರಲಿ ಅಂತ ಗಾಡಿಯವರು ಪ್ಲೇಟಿಂಗ್ ಅಂಗಡಿಗೆ ಕೊಟ್ಟು ಸತುವಿನ ಲೇಪ ಮಾಡಿಸಿ ತಂದರು. ಆಮ್ಲದಲ್ಲಿ ತೊಳೆದು, ಕರೆಂಟ್ ಹಾಯಿಸಿ ಲೇಪ ಮಾಡುವಾಗ ಉಕ್ಕಿನೊಳಗೆ ಹೈಡ್ರೋಜನ್ ಸೇರಿಕೊಳ್ಳುತ್ತದೆ. ಮೆತ್ತನೆ ಉಕ್ಕಿಗೆ ಅದರಿಂದ ತೊಂದರೆ ಕಡಿಮೆ. ಅಷ್ಟು ಗಡುಸಾದ ಉಕ್ಕನ್ನು ಅದು ಒಳಗಿನಿಂದ ಪೆಳುಸು ಮಾಡುತ್ತದೆ. ಲೇಪ ಆದ ತಕ್ಷಣ ಸುಮಾರು 200 ಡಿಗ್ರಿ ಒಲೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಹೈಡ್ರೋಜನ್ ಹೊರಗೆ ಹೋಗುತ್ತದೆ. ಇವರದ್ದನ್ನು ಇಟ್ಟಿರಲಿಲ್ಲ. ಬಿಗಿ ಮಾಡಿದಾಗ ಏನೂ ಆಗಲಿಲ್ಲ. ರಾತ್ರಿ ಗಾಡಿ ಸುಮ್ನೆ ನಿಂತಿತ್ತು, ಲೋಡೂ ಇಲ್ಲ, ಓಡಿಸಿದ್ದೂ ಇಲ್ಲ. ಬೆಳಗ್ಗೆ ನೋಡಿದರೆ ತಲೆ ಉದುರಿ ನೆಲದ ಮೇಲೆ ಬಿದ್ದಿತ್ತು. ಯಾರೋ ಮಾಟ ಮಾಡಿಸಿದ್ದಾರೆ ಅಂತ ಅವರ ಮನೆಯಲ್ಲಿ ಮಾತು. ಗಡುಸು ಜಾಸ್ತಿಯಾದಷ್ಟು ಪೆಳುಸೂ ಜಾಸ್ತಿ, ಅದಕ್ಕೇ ಕಂಪನಿ ಕೇಳದ ಕಡೆ 12.9 ಬೇಡ ಅನ್ನುವುದು.

‘ನಕಲಿ ಅಂತ ಹೆಂಗ್ ಗೊತ್ತಾಯ್ತದೆ?’ ಇದು ಹಿಂದಿನ ಸಾಲಿನಿಂದ ಬಂದದ್ದು. ಅಸಲಿ ಬೋಲ್ಟಿನ ತಲೆಯ ಮೇಲೆ ಎರಡು ಗುರುತು ಇರಲೇಬೇಕು, ದರ್ಜೆಯ ಅಂಕಿ ಮತ್ತು ಮಾಡಿದವರ ಗುರುತು. ಟಿವಿಎಸ್, ಅನ್‌ಬ್ರಾಕೊ ಅಂತ ಇರುತ್ತದಲ್ಲ, ಆ ಥರ. ಬರೀ 8.8 ಅಂತ ಇದ್ದು ಯಾರು ಮಾಡಿದ್ದು ಅಂತ ಇಲ್ಲದಿದ್ದರೆ ನಾನು ಅದನ್ನು ಮೆತ್ತನೆಯದ್ದು ಅಂತಲೇ ಲೆಕ್ಕ ಹಾಕುತ್ತೇನೆ. ಅರ ಹಾಕಿ ಉಜ್ಜಿದರೆ ಒಂದು ಅಂದಾಜು ಸಿಗುತ್ತದೆ. ಎಂಎಸ್ ಬೋಲ್ಟಿನಲ್ಲಿ ಅರ ಸಲೀಸಾಗಿ ಕಚ್ಚುತ್ತದೆ, 10.9ರ ಮೇಲೆ ಜಾರಿದ ಹಾಗೆ ಆಗುತ್ತದೆ. ಆದರೆ ಅದು ಬರೀ ಅಂದಾಜು. ನಿಮಗೆ ಬೇಕಾದ ಜಾಗದ ಬೋಲ್ಟು ಗಾಡಿ ಕಂಪನಿಯ ಸ್ಪೇರ್ ಅಂಗಡಿಯಲ್ಲಿ ಪಾರ್ಟ್ ನಂಬರ್ ಹೇಳಿದರೆ ಸಿಗುತ್ತದೆ. ಚಕ್ರದ ಕೋನ ಹೊಂದಿಸುವ ಬೋಲ್ಟುಗಳಂತೂ ಅಲ್ಲೇ ತರಬೇಕು. ಕೆಲವಕ್ಕೆ ಮೈ ನಡುವಿನಿಂದ ಒಂದು ಬದಿಗೆ ಸರಿದಿರುತ್ತದೆ, ಕೆಲವಕ್ಕೆ ಸಣ್ಣದಾಗಿರುತ್ತದೆ, ಅದು ಬೇಕೆಂತಲೇ ಮಾಡಿದ್ದು. ಇನ್ನು ಮ್ಯಾನ್ಯುಯಲ್‌ನಲ್ಲಿ ಇಷ್ಟು ಬಿಗಿ, ಆಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಇದ್ದರೆ ಅವು ಹೆಚ್ಚಾಗಿ ಒಂದೇ ಸಲಕ್ಕೆ. ಬಿಚ್ಚಿದರೆ ಹೊಸದು ಹಾಕಬೇಕಾ ಅಂತ ಅಲ್ಲೇ ನೋಡಿಕೊಳ್ಳಿ.

ಕೊನೆಗೆ ಒಬ್ಬ ಹೆಣ್ಣುಮಗಳು ಎದ್ದರು. ಗಂಡನ ಟ್ರ್ಯಾಕ್ಟರ್ ಈಗ ಅವರೇ ಓಡಿಸುತ್ತಾರಂತೆ. ‘ಸಾರ್, ನನಗೆ ಈ ಟನ್ನು, ನ್ಯೂಟನ್ನು ಗೊತ್ತಾಗಲ್ಲ. ರಿಪೇರಿಯವರು ಹೊಸ ಯು ಬೋಲ್ಟ್ ಹಾಕಿದೀವಿ ಅಂದ್ರು. ಬಿಗಿ ಇದೆಯಾ ಇಲ್ವಾ ನಾನ್ ಹೆಂಗ್ ತಿಳ್ಕೊಳ್ಳಿ?’ ಅಂದರು. ಅವತ್ತು ಕೇಳಿದ ಪ್ರಶ್ನೆಗಳಲ್ಲಿ ಒಳ್ಳೆಯದು ಅದೇ. ಹೊಸ ಯು ಬೋಲ್ಟ್ ಹಾಕಿದ ಮೇಲೆ ಪಟ್ಟಿ, ಪ್ಲೇಟು, ಪೇಂಟು ಎಲ್ಲ ಒತ್ತಿಕೊಂಡು ಸ್ವಲ್ಪ ಕೂರುತ್ತವೆ, ಬಿಗಿ ಇಳಿಯುತ್ತದೆ. ಒಂದು ಲೋಡು ಹೊಡೆದ ಮೇಲೆ ಒಂದು ಸಲ, ಇನ್ನೊಂದು ವಾರಕ್ಕೆ ಒಂದು ಸಲ ಮತ್ತೆ ಬಿಗಿಸಲೇಬೇಕು. ಬಿಗಿ ಆದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಎರಡು ತುಂಡಾಗಿ ಆಚೀಚೆ ಸರಿದಿದ್ದರೆ ನಟ್ಟು ತಿರುಗಿದೆ ಅಂತ. ಗೆರೆ ನೇರ ಇದ್ದರೂ ಸುತ್ತ ಕೆಂಪು ಪುಡಿ ಕಂಡರೆ ಬಿಗಿ ಹೋಗಿದೆ ಅಂತ. ಅದಕ್ಕೆ ಟನ್ನಿನ ಲೆಕ್ಕ ಬೇಡ.

‘ಟ್ರ್ಯಾಕ್ಟರ್ ಹೊರಗೇ ಇದೆ ಸಾರ್’ ಅಂದರು. ಎಲ್ಲರೂ ಎದ್ದು ಹೊರಗೆ ಹೋದೆವು. ಟ್ರೈಲರ್ ಖಾಲಿ ಇತ್ತು, ಒಳಗೆ ಒಣಗಿದ ಸೋಗೆ. ಐಟಿಐ ಹುಡುಗನೊಬ್ಬ ಮೊಬೈಲ್ ಟಾರ್ಚ್ ಹಿಡಿದು ಕೆಳಗೆ ನುಗ್ಗಿದ. ಯು ಬೋಲ್ಟುಗಳು ಹೊಸವೇ, ಪೇಂಟ್ ಇನ್ನೂ ಹೊಳೆಯುತ್ತಿತ್ತು. ಎಡಗಡೆಯ ನಾಲ್ಕು ನಟ್ಟು ಒಂದಿಷ್ಟೂ ಅಲುಗಲಿಲ್ಲ. ಬಲಗಡೆ ಹಿಂದಿನ ನಟ್ಟಿಗೆ ರಿಂಗ್ ಪಾನಾ ಹಾಕಿ ಎಳೆದ. ಅರ್ಧ ಸುತ್ತು ಬಂತು. ಅವನು ತಲೆ ಹೊರಗೆ ಹಾಕಿ ನನ್ನ ಮುಖ ನೋಡಿದ. ಆ ಹೆಣ್ಣುಮಗಳು ಅವನ ಕೈಯಿಂದ ಪಾನಾ ಇಸ್ಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಕೆಳಗೆ ಕೂತರು.